ಮಹಜರಿಗೆ ತಕ್ಕ ಕೋಣೆ

ಮಹಜರಿನಲ್ಲಿ ಕುರ್ಚಿ ಮಗುಚಿ ಬಿದ್ದಿತ್ತು. ಕೋಣೆಯಲ್ಲಿ ಅದು ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿತ್ತು. ದಫೇದಾರರು ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿಕೊಂಡರು.

ಪೊಲೀಸರಿಗೆ ಅಪರಾಧ ತನಿಖೆ ಕಲಿಸುವ ತರಬೇತಿಯ ಕೊನೆಯ ದಿನ ಅದು. ಪರೀಕ್ಷೆಗೆಂದು ಕೋಣೆಯಲ್ಲಿ ಹುಲ್ಲು ತುಂಬಿದ ಗೊಂಬೆಯನ್ನು ಹೆಣವೆಂದು ಮಲಗಿಸಿದ್ದರು. ಕಂಡದ್ದನ್ನು ಕಂಡ ಹಾಗೆ ಮಹಜರಿನಲ್ಲಿ ಬರೆದು, ಇಬ್ಬರು ಪಂಚರ ಸಾಕ್ಷಿ ಸಹಿ ಹಾಕಿಸಿ ಒಪ್ಪಿಸಬೇಕು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ದಫೇದಾರರು ಮಹಜರನ್ನು ಸ್ಟೇಷನ್ನಿನ ಫ್ಯಾನಿನ ಕೆಳಗೆ ಕೂತು ಬರೆದವರೇ ಹೊರತು ಸ್ಥಳಕ್ಕೆ ಹೋಗಿ ಬರೆದವರಲ್ಲ. ಇವತ್ತೂ ಬೆಳಗ್ಗೆ ಹಾಸ್ಟೆಲಿನಲ್ಲೇ ಹಳೆಯ ಕಡತವೊಂದರಿಂದ ನಕಲು ಮಾಡಿ, ತಾರೀಖು ಬದಲಿಸಿ, ನಿಶ್ಚಿಂತೆಯಿಂದ ಬಂದಿದ್ದರು.

ಎರಡು ಸಲ ಫೇಲಾದವರು. ಈ ಸಲವೂ ಹೋದರೆ ಬಡ್ತಿಯ ಆಸೆ ಬಿಟ್ಟ ಹಾಗೇ. ಅತ್ತ ಷಡ್ಡಕ ಆಗಲೇ ಎಎಸ್‌ಐ ಆಗಿ, ಮನೆಗೆ ಬಂದಾಗಲೆಲ್ಲ ಟೋಪಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ಮಾತಿಗೆ ಕೂರುತ್ತಿದ್ದ. ದಫೇದಾರರಿಗೆ ಹೊಟ್ಟೆ ಉರಿಯುತ್ತಿತ್ತು.

"ಬೇರೆ ಬರೆಯೋಕೆ ಹಾಳೆನೂ ಇಲ್ಲ, ಟೈಮೂ ಇಲ್ಲ. ಕೆಟ್ಟೆ ಕಣ್ರೋ!" ಎಂದರು, ಪಂಚರಾಗಿ ಬಂದಿದ್ದ ಸಹಪಾಠಿಗಳಾದ ಲಂಬು ಮತ್ತು ಡುಮ್ಮನಿಗೆ.

"ಅದಕ್ಯಾಕಣ್ಣ ಅಳ್ತೀಯ? ಮಹಜರು ತಿದ್ದೋಕಾಗದಿದ್ರೆ ಕೋಣೆ ತಿದ್ದಿದ್ರಾಯ್ತು," ಎಂದು ಲಂಬು ಕುರ್ಚಿಗೊಂದು ಒದೆ ಕೊಟ್ಟ. "ಮುಂದೆ ಓದು."

"ಕಿಟಕಿಯ ಗಾಜು ಒಡೆದಿತ್ತು."

ಡುಮ್ಮ ಮೊಣಕೈಯಿಂದ ಗುದ್ದಿದ. ಗಾಜಿನ ಜೊತೆಗೆ ಮೊಣಕೈಯೂ ಒಡೆಯಿತು.

"ಗೋಡೆಯ ಮೇಲೆ ರಕ್ತದ ಕಲೆಗಳಿದ್ದವು."

"ಸರಿಹೋಯ್ತು, ಬಾರೋ ಇಲ್ಲಿ!" ಲಂಬು ಡುಮ್ಮನ ಕೈಯನ್ನು ಎಳೆದು ಗೋಡೆಗೆ ಒರೆಸಿದ.

"ಮೃತಳು ಸುಮಾರು ಮೂವತ್ತು ವರ್ಷದ ಹೆಂಗಸು."

ಮೂವರೂ ಗೊಂಬೆಯ ದಪ್ಪ ಮೀಸೆಯನ್ನು ನೋಡಿದರು.

ದಫೇದಾರರು ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು. ಶಾಯಿಯ ಮೀಸೆ ಮುಖವಿಡೀ ಹರಡಿ, ಹೆಣ ಒಲೆ ಊದಲು ಹೋದವಳಂತಾಯಿತು. ಕಿಟಕಿಯ ಪರದೆ ಕಿತ್ತು ಅದಕ್ಕೆ ಸೀರೆಯಂತೆ ಸುತ್ತುತ್ತಿರುವಾಗಲೇ ಬಾಗಿಲಲ್ಲಿ ಬೂಟಿನ ಸದ್ದಾಯಿತು.

ಪಾಠ ಹೇಳುವ ಇನ್ಸ್‌ಪೆಕ್ಟರು ಒಳಬಂದರು. ಕೋಣೆಯನ್ನು ಅವರೂ ಆಗಲೇ ಮೊದಲ ಸಲ ನೋಡುತ್ತಿದ್ದರು. ಲಕೋಟೆಯ ಸೀಲು ಒಡೆದು ತಮ್ಮ ಮಾದರಿ ಉತ್ತರ ತೆಗೆದು, ದಫೇದಾರರ ಮಹಜರಿನ ಪಕ್ಕ ಹಿಡಿದರು.

"ಕುರ್ಚಿ, ಸರಿ. ಗಾಜು, ಸರಿ. ಕಲೆ, ಸರಿ. ಹೆಂಗಸು, ಅದೂ ಸರಿ."

ದಫೇದಾರರು ಮನಸ್ಸಿನಲ್ಲೇ ಷಡ್ಡಕನ ಟೋಪಿಯನ್ನು ಮೇಜಿನಿಂದ ಕೆಳಗಿಳಿಸಿದರು.

"ಒಂದಕ್ಷರ ಆಚೀಚೆ ಇಲ್ಲ," ಇನ್ಸ್‌ಪೆಕ್ಟರ ದನಿ ಏರಿತು. "ನಾನು ಅವಸರದಲ್ಲಿ 'ಮ್ರುತಳು' ಅಂತ ತಪ್ಪು ಬರೆದಿದ್ದೆ. ನಿಮ್ಮದರಲ್ಲೂ 'ಮ್ರುತಳು'! ಉತ್ತರ ಯಾವಾಗ ಕದ್ರಿ?"

"ಅಯ್ಯೋ, ಕದ್ದಿಲ್ಲ ಸಾರ್! ಹಳೇ ಕಡತದಿಂದ ನಕಲು ಹೊಡ್ದಿದ್ದು, ನಿಮ್ಮಾಣೆ!"

ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತು. ಅವರು ನಕಲು ಹೊಡೆದದ್ದೂ ಅದೇ ಕಡತದಿಂದ. ಹಾಗೆಂದು ಒಪ್ಪಿಕೊಳ್ಳಲು ಅವರಿಗೇನು ಹುಚ್ಚೇ? ಲಂಬು, ಡುಮ್ಮ ಇಬ್ಬರನ್ನೂ ಕರೆದುಕೊಂಡು ದುರದುರನೆ ಹೊರನಡೆದವರು ಐದೇ ನಿಮಿಷದಲ್ಲಿ ಒಂದು ಹಾಳೆ ಹಿಡಿದು ಮರಳಿದರು.

"ನಿಮ್ಮ ಸ್ವಇಚ್ಛಾ ಹೇಳಿಕೆ. ಯಾರ ಒತ್ತಾಯವೂ ಇಲ್ದೆ ಕದ್ದದ್ದು ಒಪ್ಕೊಂಡಿದ್ದೀರಿ. ಸಹಿ ಹಾಕಿ."

"ನನ್ನನ್ನಿನ್ನೂ ಏನೂ ಕೇಳೇ ಇಲ್ವಲ್ಲ ಸಾರ್!"

"ಕೇಳೋದೆಲ್ಲ ಆಮೇಲೆ ರೀ."

ದಫೇದಾರರು ಹಾಳೆ ತೆಗೆದುಕೊಂಡರು. ಕೆಳಗೆ, ಸಾಕ್ಷಿಗಳ ಜಾಗದಲ್ಲಿ ಲಂಬು ಮತ್ತು ಡುಮ್ಮ ಆಗಲೇ ಸಹಿ ಹಾಕಿಯಾಗಿತ್ತು.