ಪಾಲಣ್ಣನ ಕುರಿ ಮಾತ್ರೆ

ಎಲ್ಲಾ ಕೆಟ್ಟಿದ್ದು ಅಂಗಿಯ ಹರಕು ಜೇಬಿನಿಂದ. ದೊಡ್ಡಉಳ್ಳಾರ್ತಿಯ ಪಾಲಣ್ಣ ಕುರಿ ರೊಪ್ಪದ ಬೇಲಿ ಕಟ್ಟಲು ಬಗ್ಗಿದಾಗ, ಹತ್ತು ಮಾತ್ರೆಯ ಹಾಳೆಯೊಂದು ಜಾರಿ ಪಕ್ಕದ ಮನೆಯ ಕ್ಯಾತಣ್ಣನ ಕಾಲ ಬಳಿ ಬಿತ್ತು.

"ಏನ್ಲೇ ಇದು?"

ಮನಸ್ಸಿನ ಕಾಯಿಲೆಗೆ ಎಂದರೆ ಸಂಜೆಯೊಳಗೆ ಊರೆಲ್ಲ ಡಂಗುರ. "ಕುರಿಗೆ... ಮೇವು ಬಿಟ್ಟಿದ್ವು" ಎಂದುಬಿಟ್ಟ ಪಾಲಣ್ಣ.

ಎಡವಟ್ಟಾಗಿದ್ದು ಅಲ್ಲೇ. ಆ ಹಟ್ಟಿಯಲ್ಲಿ ಕುರಿ ಔಷಧಿ ಯಾರೇ ತಂದರೂ ಎಲ್ಲರಿಗೂ ಸೇರಿದ್ದು. ಇಲ್ಲವೆಂದವರನ್ನು ಯಾರೂ ಮಾತಾಡಿಸುವುದಿಲ್ಲ.

"ನಮ್ಮ ಟಗರೂ ನಿನ್ನೆಯಿಂದ ಮಕ ಇಳಿಬಿಟ್ಕಂಡೈತೆ" ಎಂದು ಕ್ಯಾತಣ್ಣ ಒಂದನ್ನು ಕಿತ್ತುಕೊಂಡ.

"ಅದು ಹೆಣ್ಣು ಕುರಿಗೆ ಮಾತ್ರ ಕಣಲೇ!"

"ಹಂಗಾದ್ರೆ ನಮ್ಮವಕ್ಕೆ ಕೊಡಪ್ಪ" ಎಂದು ಬೇಲಿಯಾಚೆಯಿಂದ ತಿಪ್ಪೇರುದ್ರಮ್ಮ ಸೆರಗೊಡ್ಡಿದರು. ಉಳಿದ ಒಂಬತ್ತೂ ಗಳಿಗೆಯೊಳಗೆ ಅವರ ಕುರಿಗಳ ಹೊಟ್ಟೆ ಸೇರಿದವು.

ಪಾಲಣ್ಣನಿಗೆ ಅಳುವೇ ಬಂತು. ಐದು ವಾರ ನುಂಗಿದ ಮೇಲೆ ಮೊನ್ನೆಯಷ್ಟೇ ಚಹಾ ರುಚಿಸಿತ್ತು. ಚಳ್ಳಕೆರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಮಿದುಳಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸೆರೊಟೋನಿನ್ ಅನ್ನೋ ರಾಸಾಯನಿಕ ಕಳಿಸುತ್ತೆ, ಆಮೇಲೆ ವಾಪಸ್ ಎಳ್ಕೊಳ್ಳುತ್ತೆ. ಈ ಮಾತ್ರೆ ಆ ವಾಪಸ್ ಹೋಗೋ ಬಾಗಿಲು ತಡೆಯುತ್ತೆ. ಗುಣ ಕಾಣೋಕೆ ವಾರಗಳು ಬೇಕು. ತಟ್ಟನೆ ನಿಲ್ಲಿಸಬೇಡಿ." ಪಾಲಣ್ಣ ತನಗೆ ತಿಳಿದಂತೆ ಅರ್ಥಮಾಡಿಕೊಂಡಿದ್ದ: ಕುರಿ ಹುಲ್ಲಿಗೆ ಬಾಯಿ ಹಾಕುವ ಮೊದಲೇ ರೊಪ್ಪಕ್ಕೆ ಅಟ್ಟಿದರೆ ಮೇಯುವುದು ಯಾವಾಗ? ಮಾತ್ರೆ ರೊಪ್ಪದ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಸಿಕ್ಕ ಬಸ್ಸು ಹತ್ತಿ ಚಳ್ಳಕೆರೆಗೆ ಓಡಿದ. "ಕುರಿಗೆ ಕೊಟ್ರಾ?" ಎಂದು ಡಾಕ್ಟರಮ್ಮ ಕನ್ನಡಕ ತೆಗೆದು ನೋಡಿ, ಬೈದು, ಹೊಸ ಚೀಟಿ ಬರೆದರು.

ಮಾತ್ರೆ ಕೊಂಡು ಸಂಜೆ ಮರಳಿದರೆ ಮನೆಯ ಮುಂದೆ ಜನ ಸಾಲುಗಟ್ಟಿದ್ದಾರೆ. ಕ್ಯಾತಣ್ಣನ ಟಗರು ಗೋಡೆ ಗುಮ್ಮುತ್ತಿದೆ.

"ಒಂದೇ ಮಾತ್ರೆಗೆ ಎದ್ದೈತಲ್ಲೋ! ಇನ್ನೆಷ್ಟು ತಂದೀಯ?" ಎಂದ ಕ್ಯಾತಣ್ಣ.

ಪಾಲಣ್ಣ ಜೇಬು ಮುಚ್ಚಿಕೊಂಡು ನಾಚಿಕೆ ಬಿಟ್ಟ. "ಟಗರಿಗೆ ಶೇಂಗಾ ಬಳ್ಳಿ ಜಾಸ್ತಿಯಾಗಿತ್ತು, ತಾನೇ ಎದ್ದೈತೆ. ಈ ಮಾತ್ರೆ ಒಂದಿನಕ್ಕೆ ನಾಟೋದಲ್ಲ. ಇದು ನಂದು ಕಣ್ರೋ, ನನ್ನ ಮನಸ್ಸಿಗೆ. ಆರು ತಿಂಗಳಿಂದ ಯಾವುದೂ ಬ್ಯಾಡ ಅನ್ನಿಸ್ತಿತ್ತು."

ಇನ್ನು ಸಾಲು ಕರಗುತ್ತದೆ, ನಾಳೆಯಿಂದ ನಗುತ್ತಾರೆ ಎಂದು ಪಾಲಣ್ಣ ತಲೆ ತಗ್ಗಿಸಿ ಕಾದ. ಸಾಲು ಕರಗಲಿಲ್ಲ.

"ಮೊದ್ಲೇ ಹೇಳಬಾರದೇನ್ಲೇ?" ಕ್ಯಾತಣ್ಣ ದನಿ ತಗ್ಗಿಸಿ ಕೈ ಚಾಚಿದ. "ಟಗರಿನ ಮಾತು ಬಿಡು. ಎರಡು ತಿಂಗಳಿಂದ ನಂಗೂ ಹಂಗೇ ಐತೆ. ಒಂದು ಕೊಡು."

"ನಂಗೂ ಕಣಪ್ಪ" ಎಂದರು ತಿಪ್ಪೇರುದ್ರಮ್ಮ. ಹಿಂದೆ ಇನ್ನೂ ನಾಲ್ಕು ಕೈ ಎದ್ದವು.

"ಡಾಕ್ಟ್ರು ನೋಡದೆ ತಗಬಾರದು! ನಾಳೆ ಕರ್ಕಂಡು ಹೋಗ್ತೀನಿ" ಎಂದು ಪಾಲಣ್ಣ ಹಿಂದೆ ಸರಿದ.

ಕ್ಯಾತಣ್ಣ ನಿಜಕ್ಕೂ ನೊಂದುಕೊಂಡ. "ಕುರಿಗೆ ಕೊಟ್ಟೋನು, ನಮಗೆ ಇಲ್ಲ ಅಂತೀಯಾ?"