ಲಮಾಯಮ್ಮನ ಅಸಹಾಯಕತೆಯ ಖುದ್ದು ಪರಿಶೀಲನೆ

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗನಿಗೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ಉಂಟು. ತಾಯಿ ನಿಜವಾಗಿಯೂ ಅಸಹಾಯಕಳೇ ಎಂಬುದನ್ನು ತಾಲ್ಲೂಕು ಸಮಿತಿಯು ಖುದ್ದು ಪರಿಶೀಲಿಸತಕ್ಕದ್ದು. ಥಾಯ್ಲೆಂಡಿನ ಈಶಾನ್ಯ ಮೂಲೆಯ ಖೋಕ್ ಮನಾವ್ ತಾಲ್ಲೂಕಿನಲ್ಲಿ ಈ ನಿಯಮ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದು, ಇದರಿಂದ ಯಾರಿಗೂ ಅನ್ಯಾಯವಾದ ದಾಖಲೆ ಇಲ್ಲ. ವಿನಾಯಿತಿ ಸಿಕ್ಕಿದ ದಾಖಲೆಯೂ ಇಲ್ಲ.

ಖಜೋನನ ತಾಯಿ ಲಮಾಯಮ್ಮ ಮನೆಯ ಮೆಟ್ಟಿಲಿಂದ ಜಾರಿ ಬೆನ್ನುಮೂಳೆ ಮುರಿದುಕೊಂಡವಳು. ಅಂದಿನಿಂದ ಅವಳ ಕಾಲುಗಳು ಅವಳ ಮಾತು ಕೇಳುವುದಿಲ್ಲ. ಅದಕ್ಕೆ ಬದಲಾಗಿ ಎಲ್ಲ ಮಾತನ್ನೂ ಮಗನೇ ಕೇಳಬೇಕಾಗಿತ್ತು. ಅವನು ಮಗ್ಗುಲು ಬದಲಿಸಲು ಬಂದರೆ ಸಾಕು, "ನಿಧಾನ ಕಣೋ, ಹಾಳಾದವನೇ! ಅದೇನು ಕೈಯೋ ಕೊಡಲಿಯೋ!" ಎಂದು ಮೂರು ಮನೆಗೆ ಕೇಳುವಂತೆ ಬೈಯುತ್ತಿದ್ದಳು. ಹೊರಗಿನವರ ಮುಂದೆ ಮಾತ್ರ ಅವಳ ಬಾಯಿಂದ ಒಂದು 'ಅಯ್ಯೋ' ಬಂದದ್ದಿಲ್ಲ. ಮನೆಗೆ ಬಂದವರ ಮುಂದೆ ನರಳುವುದೆಂದರೆ ಎಂಜಲು ತಟ್ಟೆಯಲ್ಲಿ ಬಡಿಸಿದಂತೆ ಎಂದು ಅವಳ ತಾಯಿ ಕಲಿಸಿದ್ದಳು. ಆ ಸೀಮೆಯ ಎಲ್ಲ ತಾಯಂದಿರೂ ಕಲಿಸುವುದು ಅದನ್ನೇ.

ಖಜೋನನ ಅರ್ಜಿ ಬರೆದುಕೊಟ್ಟವರು ಉಚಿತ ಕಾನೂನು ನೆರವು ಕೇಂದ್ರದ ವಕೀಲ ಸುಮೇತ್. ಬಿಸಿಲಿಗೂ ಕಪ್ಪು ಕೋಟು ಬಿಚ್ಚದ ಮನುಷ್ಯ. ಪರಿಶೀಲನೆಯ ಹಿಂದಿನ ದಿನ ಅವರೇ ಬಂದು ಲಮಾಯಮ್ಮನ ಚಾಪೆಯ ಪಕ್ಕ ಕೂತು ಪಾಠ ಹೇಳಿದರು.

"ನೋಡಮ್ಮಾ, ಸಾಹೇಬರು ಬಂದು 'ಹೇಗಿದ್ದೀರಿ' ಅಂತಾರೆ. ನೀವು 'ಏಳೋಕಾಗಲ್ಲ, ಕೂರೋಕಾಗಲ್ಲ, ಮಗ ಇಲ್ದಿದ್ರೆ ಸತ್ತೇ ಹೋಗ್ತೀನಿ' ಅನ್ಬೇಕು. ಎಲ್ಲಿ, ಒಂದ್ಸಲ ಅನ್ನಿ?"

"ಅಷ್ಟು ದೂರದಿಂದ ಬಿಸಿಲಲ್ಲಿ ಬಂದವರ ಮುಂದೆ ಸಾಯೋ ಮಾತಾ?" ಎಂದಳು ಲಮಾಯಮ್ಮ. "ನಿಮಗೆ ಹೆತ್ತವರು ಏನೂ ಹೇಳ್ಕೊಟ್ಟಿಲ್ವಾ ವಕೀಲರೇ?"

"ಅಮ್ಮಾ, ನೀನು ನರಳದಿದ್ರೆ ನನ್ನ ಎಳ್ಕೊಂಡು ಹೋಗ್ತಾರೆ," ಎಂದ ಖಜೋನ್. "ಆಮೇಲೆ ನಿನ್ನ ಮಗ್ಗುಲು ಯಾರು ಬದಲಿಸ್ತಾರೆ?"

"ಸರಿ ಬಿಡು, ನರಳ್ತೀನಿ," ಎಂದು ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಬೆಳಿಗ್ಗೆ ಎದ್ದವಳೇ ತಲೆ ಬಾಚು ಎಂದಳು. ಅಲ್ಲಿನ ಹೆಂಗಸರು ಹಬ್ಬಕ್ಕೆ ಉಡುವ ರೇಷ್ಮೆ ಲುಂಗಿ ಉಡಿಸು ಎಂದಳು. ಮುಖಕ್ಕೆ ಪೌಡರು ಹಚ್ಚಿಸಿಕೊಂಡಳು, ಗೋಡೆಗೆ ಒರಗಿಸಿ ಕೂರಿಸಿಕೊಂಡಳು, ಬೆನ್ನಿಗೆ ಕೊಟ್ಟ ದಿಂಬು ಕಾಣದಂತೆ ಶಾಲು ಹೊದಿಸಿಕೊಂಡಳು. ಖಜೋನ್ ಅಂಟಕ್ಕಿಯ ಅನ್ನ ಬೇಯಿಸಿ, ಪರಂಗಿಕಾಯಿ ಕುಟ್ಟಿ, ಮೀನು ಸುಟ್ಟ. ಸೌಟು ಮಾತ್ರ ತನ್ನ ಕೈಗೆ ಕೊಡು ಎಂದಳು.

"ನರಳ್ತೀನಿ ಅಂದಿದ್ದೆ?"

"ಊಟ ಆಗ್ಲಿ. ಹೊಟ್ಟೆ ಹಸಿದವರ ಮುಂದೆ ಹ್ಯಾಗೋ ನರಳೋದು?"

ಸಮಿತಿ ಬಂತು. ಅಧ್ಯಕ್ಷರು ಕೈಮುಗಿದು, "ಹೇಗಿದ್ದೀರಿ ತಾಯಿ?" ಎಂದರು.

"ಚೆನ್ನಾಗಿದ್ದೀನಪ್ಪ, ನಂಗೇನೂ ಆಗಿಲ್ಲ," ಎಂದಳು ಲಮಾಯಮ್ಮ. "ಊಟ ಆಯ್ತಾ?"

ವಕೀಲರು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಲಮಾಯಮ್ಮ, "ಪಾಪ, ವಕೀಲರಿಗೇ ಹುಷಾರಿಲ್ಲ, ಅವರಿಗೊಂದು ಲೋಟ ನೀರು ಕೊಡೋ," ಎಂದಳು. ಸಮಿತಿ ಉಂಡಿತು, ಮೀನನ್ನು ಎರಡನೆಯ ಸಲ ಹಾಕಿಸಿಕೊಂಡಿತು. ಹೋಗುವಾಗ ಅಧ್ಯಕ್ಷರು ಅವಳ ಕಾಲಿನತ್ತ ನೋಡಿ ಬಹಳ ಗೌರವದಿಂದ ತಲೆ ಬಾಗಿಸಿದರು.

ವರದಿ ಹೀಗಿತ್ತು: "ಸದರಿ ತಾಯಿಯವರು ಶುಚಿಯಾಗಿದ್ದು, ಮೈಮೇಲೆ ಹಾಸಿಗೆ ಹುಣ್ಣುಗಳಿರುವುದಿಲ್ಲ. ಸಮಿತಿಗೆ ಸ್ವಹಸ್ತದಿಂದ ಬಡಿಸಿರುತ್ತಾರೆ. ಇಷ್ಟು ಚೆನ್ನಾಗಿರುವವರಿಗೆ ಆರೈಕೆಯ ಅಗತ್ಯ ಕಂಡುಬರುವುದಿಲ್ಲ. ಒಂದು ವೇಳೆ ಹುಣ್ಣುಗಳಿದ್ದಿದ್ದರೆ, ಅರ್ಜಿದಾರನು ಆರೈಕೆ ಮಾಡುತ್ತಿಲ್ಲವೆಂಬುದು ಸಾಬೀತಾಗಿ ಅರ್ಜಿ ವಜಾ ಆಗುತ್ತಿತ್ತು. ಆದ್ದರಿಂದ ಯಾವ ರೀತಿಯಲ್ಲೂ ಅನ್ಯಾಯವಾಗಿರುವುದಿಲ್ಲ."

"ತರ್ಕ ಬಿಗಿಯಾಗಿದೆ," ಎಂದು ವಕೀಲರು ಮೆಚ್ಚಿಕೊಂಡರು.

ಏಪ್ರಿಲ್‌ನಲ್ಲಿ ಶಾಲೆಯ ಅಂಗಳದಲ್ಲಿ ಚೀಟಿ ಎತ್ತುವ ದಿನ ಬಂತು. ಕಪ್ಪು ಚೀಟಿ ಬಂದವನು ಮನೆಗೆ, ಕೆಂಪು ಬಂದವನು ಸೈನ್ಯಕ್ಕೆ. ಬೇರೆ ಹುಡುಗರ ತಾಯಂದಿರು ಬೇಲಿಯಾಚೆ ನಿಂತು ದೇವರಿಗೆ ಹರಕೆ ಹೊರುತ್ತಿದ್ದರು. ಖಜೋನನ ತಾಯಿ ಬಂದಿರಲಿಲ್ಲ. ಆರೈಕೆಯ ಅಗತ್ಯವಿಲ್ಲದಿದ್ದರೂ ಅವಳಿಗೆ ನಡೆಯಲು ಬರುತ್ತಿರಲಿಲ್ಲ. ಚೀಟಿ ಕೆಂಪಾಗಿತ್ತು.

ತರಬೇತಿ ಮುಗಿದ ಮೇಲೆ ಸಾರ್ಜೆಂಟ್ ಕೇಳಿದ: "ನಿಂಗೇನು ಕೆಲಸ ಬರುತ್ತೋ?"

"ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋಕೆ ಬರುತ್ತೆ ಸಾರ್. ಅದೊಂದೇ."

ಸಾರ್ಜೆಂಟನ ಮುಖ ಅರಳಿತು. ಕರ್ನಲ್ ಸಾಹೇಬರ ತಾಯಿ ವರ್ಷದಿಂದ ಹಾಸಿಗೆ ಹಿಡಿದಿದ್ದರು. ದೇಶದ ರಕ್ಷಣೆಗಾಗಿ ಖಜೋನನನ್ನು ಅಂದೇ ಆ ಮನೆಗೆ ನಿಯೋಜಿಸಲಾಯಿತು. ಬಂದೂಕನ್ನು ಹಿಂದಕ್ಕೆ ಪಡೆದು ರಬ್ಬರಿನ ಚೀಲವೊಂದನ್ನು ಕೊಟ್ಟರು, ಬಿಸಿನೀರು ತುಂಬಿಸಿ ಬೆನ್ನಿಗೆ ಇಡಲಿಕ್ಕೆ.

ಈಗ ವಕೀಲ ಸುಮೇತ್ ರೊಚ್ಚಿಗೆದ್ದರು. ಮೇಲ್ಮನವಿ ಹಾಕಿ, ಅಲ್ಲಿಯವರೆಗೆ ನೆರೆಯವರ ದಯೆಯಲ್ಲಿದ್ದ ಖಜೋನನ ತಾಯಿಯನ್ನು ನೋಡಲು ಯಾರೂ ಇಲ್ಲವೆಂದು ವಾದಿಸಿದರು. ಸೈನ್ಯ ಕಲ್ಲುಹೃದಯದ್ದಲ್ಲ. ಯಾವ ಮನೆಯಿಂದ ಆರೈಕೆಗಾರನನ್ನು ಕರೆದೊಯ್ಯಲಾಗಿದೆಯೋ ಆ ಮನೆಗೆ ಒಬ್ಬ ಸೈನಿಕನನ್ನು ಒದಗಿಸತಕ್ಕದ್ದು ಎಂದು ಆದೇಶವಾಯಿತು. ಅನುಭವವಿರುವ ಹುಡುಗನೇ ಬೇಕೆಂದು ಹುಡುಕಿ, ಪಕ್ಕದ ಊರಿನ ಫೈರೋಟ್ ಎಂಬುವವನನ್ನು ಲಮಾಯಮ್ಮನ ಮನೆಗೆ ಕಳಿಸಿದರು. ಅವನಿಗೆ ಅನುಭವವಿತ್ತು. ಅವನ ಅಪ್ಪನಿಗೆ ಎರಡೂ ಕಣ್ಣಿಲ್ಲ. ಆ ಅಪ್ಪನ ಮನೆಗೆ ಇನ್ನೊಬ್ಬ ಅನುಭವಸ್ಥ ಸೈನಿಕ ಹೋದ. ಅವನ ಮನೆಗೆ ಮತ್ತೊಬ್ಬ.

"ಸಾರ್, ಎಲ್ಲರನ್ನೂ ಅವರವರ ಮನೆಗೇ ಹಾಕಿಬಿಡಿ, ಲೆಕ್ಕ ಸರಿಹೋಗುತ್ತೆ," ಎಂದು ವಕೀಲರು ಕರ್ನಲ್ ಸಾಹೇಬರ ಮುಂದೆ ಕೈಮುಗಿದರು.

ಸಾಹೇಬರು ಗಂಭೀರರಾದರು. "ವಕೀಲರೇ, ಸರ್ಕಾರಿ ಸಮಯದಲ್ಲಿ ಸ್ವಂತ ತಾಯಿಯ ಸೇವೆಯಾ? ಅದಕ್ಕೆ ಸ್ವಜನಪಕ್ಷಪಾತ ಅಂತಾರೆ. ನನ್ನ ರೆಜಿಮೆಂಟಿನಲ್ಲಿ ಅದು ನಡೆಯಲ್ಲ." ಒಳಗಿನ ಕೋಣೆಯಿಂದ ಅವರ ತಾಯಿ ಖಜೋನನನ್ನು ಕೂಗುತ್ತಿದ್ದರು.

ಮಾರನೆಯ ವರ್ಷ ಹೊಸ ವರ್ಷದ ನೀರಿನ ಹಬ್ಬಕ್ಕೆ ಖಜೋನನಿಗೆ ಒಂದು ದಿನದ ರಜೆ ಸಿಕ್ಕಿತು. ತಾಯಿಯ ಕೈಮೇಲೆ ಪರಿಮಳದ ನೀರು ಹಾಕಿ ಆಶೀರ್ವಾದ ಪಡೆಯಲೆಂದು ಓಡೋಡಿ ಬಂದ. ಬಾಗಿಲಲ್ಲಿ ಸಮವಸ್ತ್ರ ಕಂಡದ್ದೇ, ಒಳಗೆ ಲಮಾಯಮ್ಮ ಫೈರೋಟನಿಗೆ ಹೇಳಿ ಪೌಡರು ಹಚ್ಚಿಸಿಕೊಂಡಳು.

"ಹೇಗಿದ್ದೀಯಮ್ಮಾ?"

"ಚೆನ್ನಾಗಿದ್ದೀನಪ್ಪ, ನಂಗೇನೂ ಆಗಿಲ್ಲ," ಎಂದಳು. "ಅಷ್ಟು ದೂರದಿಂದ ಬಂದಿದ್ದೀಯ. ಊಟ ಆಯ್ತಾ?"

ಖಜೋನನ ಕೈಯಲ್ಲಿದ್ದ ನೀರಿನ ಬಟ್ಟಲು ಅಲ್ಲೇ ನಿಂತಿತು. ಅಷ್ಟರಲ್ಲಿ ಫೈರೋಟ್ ಅವಳ ಮಗ್ಗುಲು ಬದಲಿಸಲು ಬಂದ. "ನಿಧಾನ ಕಣೋ, ಹಾಳಾದವನೇ! ಅದೇನು ಕೈಯೋ ಕೊಡಲಿಯೋ!" ಎಂದು ಅವಳು ಮೂರು ಮನೆಗೆ ಕೇಳುವಂತೆ ಬೈದಳು. ಖಜೋನನಿಗೆ ಹೊಟ್ಟೆಕಿಚ್ಚಾಯಿತು. ಬೈಸಿಕೊಂಡವನು ತಲೆ ತಗ್ಗಿಸಿ ನಗುತ್ತಿದ್ದ. ಹಬ್ಬದ ಮೊದಲ ದಿನ ರಜೆಗೆ ಹೋದಾಗ ಅವನ ಅಪ್ಪನೂ ಅವನನ್ನು ಖಜೋನನಂತೆಯೇ ಬಹಳ ಮರ್ಯಾದೆಯಿಂದ ಮಾತಾಡಿಸಿ ಕಳಿಸಿದ್ದನಂತೆ.

ಆ ವರ್ಷ ಸಮಿತಿ ಸೈನಿಕರನ್ನು ಒದಗಿಸಿದ ಎಲ್ಲ ಮನೆಗಳಿಗೂ ಭೇಟಿಯಿತ್ತು. ಎಲ್ಲ ತಂದೆತಾಯಿಯರೂ ತಮಗೇನೂ ಆಗಿಲ್ಲವೆಂದು ಒಕ್ಕೊರಲಿನಿಂದ ಹೇಳಿದ್ದರಿಂದ ವ್ಯವಸ್ಥೆಯನ್ನು ಇಡೀ ಪ್ರಾಂತ್ಯಕ್ಕೆ ವಿಸ್ತರಿಸಲಾಯಿತು. ವಕೀಲರು ಇದನ್ನು ತಮ್ಮ ಮೊದಲ ಗೆಲುವೆಂದು ನೆರವು ಕೇಂದ್ರದ ಬೋರ್ಡಿನ ಮೇಲೆ ಬರೆಸಿದರು.

ಖಜೋನ್ ಸಂಜೆಯ ಬಸ್ಸಿಗೇ ಕರ್ನಲ್ ಸಾಹೇಬರ ಮನೆಗೆ ಹಿಂದಿರುಗಿದ. ಒಳಗೆ ಕಾಲಿಡುತ್ತಲೇ ಹಾಸಿಗೆಯಿಂದ ಮುದುಕಿಯ ದನಿ ಬಂತು: "ಎಲ್ಲಿ ಹಾಳಾಗಿ ಹೋಗಿದ್ಯೋ, ಕತ್ತೆ! ಬೆಳಿಗ್ಗೆಯಿಂದ ಬೆನ್ನು ಉರೀತಾ ಇದೆ!"

"ಬಂದೆ ಅಮ್ಮಾ," ಎಂದ ಖಜೋನ್. ಅವನಿಗೆ ಮನೆಗೆ ಬಂದಂತಾಯಿತು.