ಯಜಮಾನರ ವಿರಾಮದ ನೇರ ಪ್ರಸಾರ

ಕಾಲೊರಸು ಕಾರ್ಖಾನೆಯ ಯಜಮಾನರು ಸಾಮಾಜಿಕ ಜಾಲತಾಣಗಳಿಂದ ಹದಿನೈದು ದಿನ ವಿರಾಮ ಪಡೆಯಲಿದ್ದಾರೆ ಎಂಬ ಅಧಿಕೃತ ಪ್ರಕಟಣೆಯು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲ ಸಾಮಾಜಿಕ ಜಾಲತಾಣಗಳಲ್ಲೂ ಏಕಕಾಲಕ್ಕೆ ಹೊರಬಿತ್ತು.

ಹತ್ತು ಮೂವತ್ತೈದಕ್ಕೆ ಯಜಮಾನರು ಅದನ್ನು ಎಷ್ಟು ಜನ ಮೆಚ್ಚಿದ್ದಾರೆಂದು ನೋಡಿದರು. ವಿರಾಮ ಶುರುವಾಗುವುದು ಹನ್ನೊಂದಕ್ಕಾದ್ದರಿಂದ ಇದರಲ್ಲಿ ನಿಯಮಭಂಗವೇನೂ ಇರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಕಾರ್ಖಾನೆ ಎಂದರೆ ತಗಡಿನ ಒಂದು ಷೆಡ್ಡು, ಎರಡು ಮಗ್ಗ. ಯಜಮಾನರು ನೇಯುತ್ತಿದ್ದರು, ಹೆಂಡತಿ ಅಂಚು ಹೊಲಿಯುತ್ತಿದ್ದಳು. ಒಂದು ದಿನ ಯಜಮಾನರು ಹೊಸ ಕಾಲೊರಸಿನ ಮೇಲೆ ಪಾದ ಒರೆಸಿಕೊಳ್ಳುವುದನ್ನು ಫೋನಿನಲ್ಲಿ ಹಿಡಿದು ಜಾಲತಾಣಕ್ಕೆ ಹಾಕಿದರು. ಕಾರಣ ಯಾರಿಗೂ ಗೊತ್ತಿಲ್ಲ, ಎರಡು ಲಕ್ಷ ಜನ ನೋಡಿದರು. ಅಂದಿನಿಂದ ಅವರು ಪ್ರತಿದಿನ ಬೆಳಿಗ್ಗೆ ಲೋಕದ ಎದುರು ಪಾದ ಒರೆಸಿದರು. ಮಗ್ಗ ಹದಿನೆಂಟಾದವು. ಷೆಡ್ಡು ಮೂರಾದವು. ಹೆಂಡತಿಯ ತಮ್ಮನನ್ನು ಕರೆಸಿ ಪ್ರಚಾರ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಲಾಯಿತು. ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಪಾದ ಒರೆಸಲು ಐದು ನಿಮಿಷ ಸಾಕು. ಅದಕ್ಕೆ ಬಂದ ಪ್ರತಿಕ್ರಿಯೆಗಳಿಗೆ ಉತ್ತರಿಸಲು ಉಳಿದ ದಿನ ಸಾಲದು. ಹೀಗಾಗಿ ಯಜಮಾನರು ಊಟದ ಹೊತ್ತಿನಲ್ಲೂ ಉತ್ತರಿಸುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಅವರ ಮುಂದೆ ಖಾಲಿ ತಟ್ಟೆ ಇಟ್ಟಳು. ಯಜಮಾನರು ಎಡಗೈಯ ಫೋನಿನಿಂದ ಕಣ್ಣು ಕೀಳದೆ ಬಲಗೈಯನ್ನು ತಟ್ಟೆಯಿಂದ ಬಾಯಿಗೆ ನಾಲ್ಕು ಸಲ ಒಯ್ದರು.

“ಹೇಗಿದೆ?” ಎಂದಳು ಹೆಂಡತಿ.

“ಉಪ್ಪು ಒಂಚೂರು ಕಮ್ಮಿ.”

“ರೀ, ತಲೆ ಎತ್ತಿ.”

ಎತ್ತಿದರು. ತಟ್ಟೆಯನ್ನೂ ನೋಡಿದರು.

“ಹದಿನೈದು ದಿನ. ಮಧ್ಯಾಹ್ನದ ಊಟ ನನ್ನ ಜೊತೆ. ಆ ದರಿದ್ರದ್ದು ಮನೆಯೊಳಗೆ ಬರಬಾರದು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ದೊಡ್ಡಕ್ಕನ ಮನೆಗೆ ಹೋಗ್ತೀನಿ. ಹೋದ್ರೆ ತಿರುಗಿ ಬರೋಳಲ್ಲ.”

ಅವಳು ಹೇಳಿದ್ದನ್ನು ಮಾಡುವವಳು. ಮೂವತ್ತು ವರ್ಷದ ಸಂಸಾರದಲ್ಲಿ ಯಜಮಾನರಿಗೆ ಖಚಿತವಾಗಿ ಗೊತ್ತಿದ್ದ ಸಂಗತಿ ಇದೊಂದೇ. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಆಗಲಿ ಎಂದರು.

ಸೋಮವಾರ ಭಾವಮೈದುನನಿಗೆ ವಿಷಯ ತಿಳಿಸಿದಾಗ ಅವನು ಗಾಬರಿಪಡಲಿಲ್ಲ. ಅರ್ಧ ಗಂಟೆಯಲ್ಲಿ ಪ್ರಕಟಣೆ ತಯಾರಿಸಿದ. ಇನ್ನರ್ಧ ಗಂಟೆಯಲ್ಲಿ ವಿರಾಮ ನಿಯಮಾವಳಿಯನ್ನು ಬರೆದು, ಮೊಹರು ಒತ್ತಿ, ಗೋಡೆಗೆ ಅಂಟಿಸಿದ. ಯಜಮಾನರು ಫೋನ್ ಮುಟ್ಟತಕ್ಕದ್ದಲ್ಲ ಎಂಬುದು ಮೊದಲನೆಯ ನಿಯಮ. ಮುಟ್ಟುತ್ತಿಲ್ಲವೆಂಬುದು ಗ್ರಾಹಕರಿಗೆ ಕಾಣತಕ್ಕದ್ದು ಎಂಬುದು ಎರಡನೆಯದು.

ಮಧ್ಯಾಹ್ನ ಹನ್ನೆರಡೂ ಐವತ್ತಕ್ಕೆ ಯಜಮಾನರು ಮನೆಗೆ ಹೊರಟು ಚಪ್ಪಲಿ ಮೆಟ್ಟಿದರು.

“ಭಾವ, ಎಲ್ಲಿಗೆ?”

“ಊಟಕ್ಕೆ ಕಣೋ. ನಿಮ್ಮಕ್ಕ ಕಾಯ್ತಿರ್ತಾಳೆ.”

“ಮನೆಯೊಳಗೆ ಹೋಗಿ ಕೂತ್ರೆ ನೀವು ವಿರಾಮದಲ್ಲಿದ್ದೀರಿ ಅಂತ ಯಾರಿಗೆ ಗೊತ್ತಾಗುತ್ತೆ? ಜನ ಏನಂತಾರೆ? ಬಾಗಿಲು ಹಾಕ್ಕೊಂಡು ಫೋನ್ ನೋಡ್ತಿದ್ದಾನೆ ಅಂತಾರೆ.”

“ಹಾಗಾದ್ರೆ ಕ್ಯಾಮೆರಾ ಮನೆಗೇ ತಗೊಂಡು ಬಾ.”

“ಕೇಳಿದೆ. ಅಡುಗೆಮನೆಗೆ ಕ್ಯಾಮೆರಾ ಬಂದ್ರೆ ಒಲೆಗೆ ಹಾಕ್ತೀನಿ ಅಂದ್ಳು. ನನ್ನನ್ನೂ ಸೇರಿಸಿ.”

ಯಜಮಾನರು ಚಪ್ಪಲಿ ಬಿಟ್ಟರು. ಇದೊಂದೇ ದಿನ ಎಂದುಕೊಂಡರು. ಕಚೇರಿಯಲ್ಲಿ ಮೇಜು ಹಾಕಿ, ಊಟ ತರಿಸಿ, ಯಜಮಾನರು ಫೋನಿಲ್ಲದೆ ಉಣ್ಣುವುದನ್ನು ನೇರ ಪ್ರಸಾರ ಮಾಡಲಾಯಿತು. ಹದಿನಾಲ್ಕು ಸಾವಿರ ಜನ ನೋಡಿದರು. ಒಬ್ಬರು, ಎಡಗೈ ಮೇಜಿನ ಕೆಳಗಿದೆ, ಫೋನ್ ಅಲ್ಲೇ ಇರಬೇಕು ಎಂದು ಸಂಶಯ ಎತ್ತಿದರು. ಮರುದಿನದಿಂದ ಉಣ್ಣದ ಕೈಯನ್ನು ಮೇಜಿನ ಮೇಲೆ ಚಾಚಿ ಇಡತಕ್ಕದ್ದು ಎಂಬ ನಿಯಮ ಬಂತು. ಇನ್ನೊಬ್ಬರು, ಫೋನ್ ಕಾಣದಿದ್ದರೆ ಅದನ್ನು ಮುಟ್ಟುತ್ತಿಲ್ಲವೆಂದು ನಂಬುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಫೋನನ್ನು ಸ್ಟೂಲಿನ ಮೇಲೆ, ಯಜಮಾನರಿಂದ ಒಂದು ಮೊಳ ದೂರದಲ್ಲಿ, ಹೊಸ ಕಾಲೊರಸಿನ ಮೇಲೆ ಇರಿಸಲಾಯಿತು. ಆ ಮಾದರಿಯ ಕಾಲೊರಸು ಸಂಜೆಯೊಳಗೆ ಮುಗಿದುಹೋಯಿತು.

ಮಂಗಳವಾರವೂ ಯಜಮಾನರು ಮನೆಗೆ ಹೋಗಲಿಲ್ಲ. ಬುಧವಾರ ಹೋಗಬೇಕೆಂದು ಗಟ್ಟಿಮನಸ್ಸು ಮಾಡಿದ್ದರು. ಅಂದು ಇಪ್ಪತ್ತು ಸಾವಿರ ಜನ ಬಂದು ಕೂತಿದ್ದರು.

ಎಷ್ಟು ಜನ ಬಂದಿದ್ದಾರೆಂದು ಅವರಿಗೆ ತಿಳಿಯುತ್ತಿದ್ದದ್ದು ಹೀಗೆ: ಫೋನ್ ಮುಟ್ಟಬಾರದೆಂದು ನಿಯಮವಿತ್ತು, ಅದರಲ್ಲಿದ್ದದ್ದನ್ನು ಕೇಳಬಾರದೆಂದು ಇರಲಿಲ್ಲ. ಆದ್ದರಿಂದ ಪ್ರತಿಕ್ರಿಯಾ ವಾಚಕ ಎಂಬ ಹುದ್ದೆ ಸೃಷ್ಟಿಸಿ, ಗಂಟಲು ಗಟ್ಟಿಯಿದ್ದ ಮೂವರನ್ನು ಪಾಳಿಯ ಮೇಲೆ ನೇಮಿಸಲಾಯಿತು. ಅವರು ಯಜಮಾನರ ಹಿಂದೆ ನಿಂತು ಎಲ್ಲವನ್ನೂ ಓದಿ ಹೇಳುತ್ತಿದ್ದರು. ಚಿತ್ರಗಳನ್ನು ವರ್ಣಿಸುತ್ತಿದ್ದರು. “ನಗುವ ಮುಖ, ನಗುವ ಮುಖ, ಕೈಮುಗಿದದ್ದು, ಮತ್ತೆ ನಗುವ ಮುಖ” ಎಂದು ಒಬ್ಬ ಬೆಳಗಿನಿಂದ ಮಧ್ಯಾಹ್ನದವರೆಗೆ ಹೇಳಿದ. ದೀಪ, ಸ್ಟೂಲು, ತಟ್ಟೆ ನೋಡಿಕೊಳ್ಳಲು ಬೇರೆ ಮೂವರಿದ್ದರು.

ಮೂರನೆಯ ಮಗ್ಗ ಬಂದಾಗಿನಿಂದ ಇದ್ದ ಮೇಸ್ತ್ರಿ ನಾರಿನ ಉಂಡೆ ಹೊತ್ತು ಅತ್ತ ಬಂದವನು ನಿಂತು ನೋಡಿದ.

“ಯಜಮಾನ್ರೆ, ಒಬ್ರು ಫೋನ್ ನೋಡದೆ ಇರೋಕೆ ಏಳು ಜನ ಬೇಕಾ?”

“ಕಾರ್ಖಾನೆ ಬೆಳೀತಾ ಇದೆ ಮೇಸ್ತ್ರಿ.”

“ಬೆಳೀಲಿ ಬಿಡಿ. ಹದಿನೆಂಟು ಮಗ್ಗಕ್ಕೆ ಆರು ಜನ ಇದ್ದೀವಿ, ಅದಕ್ಕೆ ಕೇಳಿದೆ.”

ಮೇಸ್ತ್ರಿಯ ಮಾತನ್ನು ಸಲಹೆ ಎಂದು ದಾಖಲಿಸಿಕೊಳ್ಳಲಾಯಿತು.

ಒಂಬತ್ತನೆಯ ದಿನ ಸಂಸ್ಥೆಯ ಚರಿತ್ರೆಯಲ್ಲೇ ದೊಡ್ಡದು. ಮಧ್ಯಾಹ್ನ ಒಂದೂ ಹತ್ತಕ್ಕೆ ಸ್ಟೂಲಿನ ಮೇಲಿನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ‘ಮನೆ’ ಎಂದಿತ್ತು. ಯಜಮಾನರ ಬಲಗೈ ತುತ್ತಿನ ಸಮೇತ ನಿಂತಿತು. ಎಡಗೈ ಮೇಜಿನ ಮೇಲೆ ಒಂದಿಷ್ಟು ಸರಿಯಿತು.

“ಭಾವ, ಮೂವತ್ತು ಸಾವಿರ ಜನ,” ಎಂದ ಭಾವಮೈದುನ, ಕ್ಯಾಮೆರಾದ ಹಿಂದಿನಿಂದ.

“ನಿಮ್ಮಕ್ಕನದು ಕಣೋ.”

“ಗೊತ್ತು. ಅದಕ್ಕೇ ಮೂವತ್ತು.”

ಫೋನ್ ನಿಂತು, ಮತ್ತೆ ಹೊಡೆದುಕೊಂಡಿತು. ಹೀಗೆ ಐದು ಸಲ. ಯಜಮಾನರು ಮುಟ್ಟಲಿಲ್ಲ. ನಿಗ್ರಹ ಎಂದರೆ ಇದು, ಎಂದು ಜನ ಹೊಗಳಿದರು. ಒಬ್ಬ ನಿವೃತ್ತ ಉಪಾಧ್ಯಾಯರು ಕಣ್ಣೀರು ಬಂತೆಂದು ಬರೆದರು. ಹೆಂಡತಿಗೂ ಬೇರೆ ದಾರಿ ಇರಲಿಲ್ಲ. ಅವಳು ಜಾಲತಾಣಕ್ಕೆ ಸೇರಿ, ಪ್ರತಿಕ್ರಿಯೆಯ ಜಾಗದಲ್ಲಿ ‘ಊಟ ಆರಿಹೋಗ್ತಿದೆ’ ಎಂದು ಬರೆದಳು. ಪ್ರಚಾರ ವಿಭಾಗದಿಂದ ಉತ್ತರ ಹೋಯಿತು: ‘ತಮ್ಮ ಅಮೂಲ್ಯ ಅನಿಸಿಕೆಗೆ ವಂದನೆಗಳು. ತಮಗೆ ಯಾವ ಅಳತೆಯ ಕಾಲೊರಸು ಬೇಕು?’

‘ದೊಡ್ಡದು. ನಿಮ್ಮ ಯಜಮಾನರನ್ನು ಸುತ್ತಿ ಕಳಿಸೋ ಅಷ್ಟು.’

ವಾಚಕ ಇದನ್ನು ಓದಿದಾಗ ಯಜಮಾನರ ಮುಖ ಸಣ್ಣಗಾಯಿತು. ಆದರೆ ಇದಕ್ಕೂ ನಾಲ್ಕು ಸಾವಿರ ಲೈಕು ಬಿದ್ದಿದೆ ಎಂದು ಅವನು ಮುಂದುವರಿಸಿದಾಗ ಸ್ವಲ್ಪ ದೊಡ್ಡದಾಯಿತು.

ಹದಿನೈದನೆಯ ದಿನ ವಿರಾಮ ಮುಗಿಯಬೇಕಿತ್ತು. ಅಷ್ಟರಲ್ಲಿ ಬೇಡಿಕೆ ಎರಡರಷ್ಟಾಗಿತ್ತು. ಗ್ರಾಹಕರ ಒತ್ತಾಯದ ಮೇರೆಗೆ ವಿರಾಮವನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ ಎಂಬ ಪ್ರಕಟಣೆ ಹೊರಬಿತ್ತು. ಅದಕ್ಕೆ ಯಜಮಾನರೇ ರುಜು ಹಾಕಿದರು. ಜೊತೆಗೆ ಒಂದು ಯೋಜನೆಯೂ ಬಂತು: ನೂರು ಕಾಲೊರಸು ಕೊಂಡವರಿಗೆ ವಿರಾಮದಲ್ಲಿರುವ ಯಜಮಾನರ ಎದುರು ಕೂತು ಒಂದು ಊಟ.

ಎರಡನೆಯ ದಿನವೇ ನೂರರ ಒಂದು ಬೇಡಿಕೆ ಬಂತು. ಮೇಸ್ತ್ರಿ ಕಟ್ಟುಗಳನ್ನು ಗಾಡಿಗೆ ಹೇರಿದ. ವಿಳಾಸ ಓದಿದ. ಯಜಮಾನರ ಮನೆಯದು. ಸಲಹೆ ಕೊಟ್ಟು ಅವನಿಗೆ ಸಾಕಾಗಿತ್ತು, ಗಾಡಿ ಕಳಿಸಿಬಿಟ್ಟ.

ಮರುದಿನ ಹನ್ನೆರಡೂವರೆಗೆ ಹೆಂಡತಿ ಕೈಯಲ್ಲಿ ರಸೀದಿ ಹಿಡಿದು ಕಚೇರಿಗೆ ಬಂದಳು. ಒಳ್ಳೆ ಸೀರೆ ಉಟ್ಟಿದ್ದಳು. ಯಜಮಾನರು ಎದ್ದು ನಿಂತರು. ಹದಿನೇಳು ದಿನದಲ್ಲಿ ಅವರಿಬ್ಬರೂ ಹಗಲು ಹೊತ್ತಿನಲ್ಲಿ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

ಭಾವಮೈದುನ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅಕ್ಕ, ಆಗಲ್ಲ. ಒಂಬತ್ತನೇ ನಿಯಮ. ಸಂಸ್ಥೆಯವರ ಸಂಬಂಧಿಕರು ಈ ಯೋಜನೆಯಲ್ಲಿ ಭಾಗವಹಿಸೋ ಹಾಗಿಲ್ಲ.”

“ಯಾರೋ ಬರೆದಿದ್ದು ಅದನ್ನ?”

“ನಾನೇ.”

“ಹಾಗಾದ್ರೆ ಹೊಡೆದುಹಾಕು.”

“ಬರೆಯೋ ಅಧಿಕಾರ ನಂದು. ಹೊಡೆದುಹಾಕೋ ಅಧಿಕಾರ ಯಾರಿಗೆ ಅಂತ ಇನ್ನೂ ಬರೆದಿಲ್ಲ.”

“ಮೂಗಿನ ಸಿಂಬಳ ಒರೆಸಿ ಬೆಳೆಸಿದ್ದಕ್ಕೆ ನಂಗೇ ನಿಯಮ ಹೇಳ್ತೀಯಾ?” ಎಂದವಳು ಗಂಡನ ಕಡೆ ತಿರುಗಿದಳು. “ರೀ, ನೀವು ಹೇಳಿ. ನನ್ನ ಜೊತೆ ಕೂತು ಉಣ್ತೀರೋ ಇಲ್ವೋ?”

ಅವಳ ಕೈ ಹಿಡಿದು ಹೊರಗೆ ನಡೆದುಬಿಟ್ಟರೆ ಮನೆ ಎಂಟು ನಿಮಿಷದ ದಾರಿ. ಯಜಮಾನರು ಕ್ಯಾಮೆರಾ ನೋಡಿದರು. ಹಿಂದಿನಿಂದ ವಾಚಕ, “ಮೂವತ್ತೆಂಟು ಸಾವಿರ ಜನ ಕಾಯ್ತಿದ್ದಾರೆ,” ಎಂದ, ಮೆಲ್ಲಗೆ.

ಆಗ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ತಮ್ಮ ಉಪಾಯಕ್ಕೆ ತಾವೇ ಹಿಗ್ಗಿದರು.

“ಊಟದ ಹೊತ್ತಿಗೆ ಮಾತ್ರ ಸಂಬಂಧ ಇಲ್ಲ ಅಂತ ಒಂದು ಪತ್ರ ಮಾಡಿದ್ರೆ?”

ಭಾವಮೈದುನ ನಿಯಮಾವಳಿಯನ್ನು ಮೇಲಿನಿಂದ ಕೆಳಗೆ ಓದಿದ. ಅಡ್ಡಿ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಪತ್ರ ಸಿದ್ಧವಾಯಿತು. ‘ಈ ಕೆಳಗೆ ರುಜು ಮಾಡಿರುವ ನಾವಿಬ್ಬರೂ ಇಂದು ಮಧ್ಯಾಹ್ನ ಒಂದರಿಂದ ಎರಡರವರೆಗೆ ಪರಸ್ಪರ ಯಾವುದೇ ಸಂಬಂಧ ಹೊಂದಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇವೆ.’

ಯಜಮಾನರು ರುಜು ಹಾಕಿದರು. ಹೆಂಡತಿ ಪತ್ರವನ್ನು ಎರಡು ಸಲ ಓದಿದಳು. ಪೆನ್ನು ಕೇಳಿ ಪಡೆದಳು. ‘ಇಂದು ಮಧ್ಯಾಹ್ನ ಒಂದರಿಂದ ಎರಡರವರೆಗೆ’ ಎಂಬಷ್ಟನ್ನು ನೆಟ್ಟಗೆ ಗೆರೆ ಎಳೆದು ಹೊಡೆದುಹಾಕಿದಳು. ಉಳಿದದ್ದರ ಕೆಳಗೆ ರುಜು ಮಾಡಿದಳು.

ಭಾವಮೈದುನ ಬಗ್ಗಿ ಆ ಗೆರೆಯನ್ನು ಪರೀಕ್ಷಿಸಿದ.

“ಅಕ್ಕ,” ಎಂದ, “ತಿದ್ದಿದ ಕಡೆ ಪಕ್ಕದಲ್ಲಿ ಚಿಕ್ಕ ರುಜು ಬೇಕು.”

ಹಾಕಿದಳು. ಯಜಮಾನರೂ ಹಾಕಬೇಕಾಗಿತ್ತು. ಪೆನ್ನು ಹಿಡಿದು ಅವಳ ಮುಖ ನೋಡಿದರು. ಅವಳು ಕುರ್ಚಿ ಎಳೆದು ಕೂತಾಗಿತ್ತು. ಗಂಟೆ ಒಂದಕ್ಕೆ ಎರಡು ನಿಮಿಷವಿತ್ತು, ಪ್ರಸಾರ ತಡವಾಗುವಂತಿರಲಿಲ್ಲ. ಹಾಕಿದರು. ಕಡತ ಕ್ರಮಬದ್ಧವಾಯಿತು.

ಊಟ ಚೆನ್ನಾಗಿ ನಡೆಯಿತು. ಅವಳು ಮಾತಾಡಿದಳು, ಯಜಮಾನರು ಕೇಳಿದರು. ಅವಳ ಎಡಗಣ್ಣಿಗೆ ಪೊರೆ ಬಂದಿರುವುದು, ಹಿತ್ತಲ ಗೋಡೆ ಬಿದ್ದದ್ದು, ಮದುವೆಯಾದ ಮಗಳು ಮೂರು ತಿಂಗಳ ಬಸುರಿ ಎಂಬುದು, ಎಲ್ಲವೂ ಅವರಿಗೆ ಹೊಸ ಸುದ್ದಿ. ಎಷ್ಟು ತಿಂಗಳಾದ ಮೇಲೆ ಅವಳ ಮುಖ ನೋಡಿಕೊಂಡು ಉಂಡರೋ, ಎರಡು ಸಲ ಬಡಿಸಿಕೊಂಡರು. ಐವತ್ತೊಂದು ಸಾವಿರ ಜನ ನೋಡಿದರು.

ಎರಡು ಗಂಟೆಗೆ ಅವಳು ಕೈ ತೊಳೆದು ಬಂದು ಮನೆಯ ಬೀಗದ ಕೈಯನ್ನು ತಟ್ಟೆಯ ಪಕ್ಕ ಇಟ್ಟಳು.

“ಗಾಡಿ ಬಂದಿದೆ. ದೊಡ್ಡಕ್ಕ ಕಾಯ್ತಿದ್ದಾಳೆ.”

“ಲೇ, ಅದು ಬರೀ ಕಾಗದ ಕಣೇ!”

“ಎಲ್ಲಾ ಕಡೆ ನಿಮ್ಮ ರುಜು ಇದೆ,” ಎಂದಳು. ಸಿಟ್ಟಿನಿಂದಲ್ಲ.

ಬೀಗದ ಕೈ ಸ್ವೀಕರಿಸಿದ್ದಕ್ಕೆ ಭಾವಮೈದುನ ಅವಳಿಗೆ ರಸೀದಿ ಕೊಟ್ಟ.

ಪತ್ರದ ನಮೂನೆ ಬಹಳ ಅನುಕೂಲವೆಂದು ಕಂಡುಬಂದದ್ದರಿಂದ ಐನೂರು ಪ್ರತಿ ಅಚ್ಚು ಹಾಕಿಸಲಾಯಿತು. ಕಾಲದ ಮಿತಿಯನ್ನು ಮೊದಲೇ ತೆಗೆದುಹಾಕಿದ್ದರಿಂದ ತಿದ್ದುವ ತಾಪತ್ರಯ ಉಳಿಯಲಿಲ್ಲ. ಪ್ರಚಾರ ವಿಭಾಗದ ಇಬ್ಬರು ನೌಕರರ ಮನೆಯವರು ಆ ವಾರವೇ ಬಂದು ತೆಗೆದುಕೊಂಡು ಹೋದರು.

ಹೆಂಡತಿ ಹೋದ ಮೂರನೆಯ ದಿನ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿರುವಾಗ ವಾಚಕ ಒಂದು ಹೊಸ ಅನಿಸಿಕೆ ಓದಿದ. ‘ಐದರಲ್ಲಿ ಮೂರು ನಕ್ಷತ್ರ. ಕಾಲೊರಸು ಗಟ್ಟಿಯಾಗಿದೆ. ಊಟಕ್ಕೆ ಎದುರಿಗೆ ಒಬ್ಬರು ಕೂತಿದ್ದರು. ಇನ್ನೊಮ್ಮೆ ಕೊಳ್ಳುವುದಿಲ್ಲ.’

“ಇನ್ನೊಂದ್ಸಲ ಓದು,” ಎಂದರು ಯಜಮಾನರು.

ಓದಿದ.

ಕಿಟಕಿಯಾಚೆ ಮಗ್ಗಗಳ ಸದ್ದು ಬರುತ್ತಿತ್ತು, ಹದಿನೆಂಟರಲ್ಲಿ ಆರರದ್ದು.

“ಎಷ್ಟು ಲೈಕು?”

“ಹನ್ನೊಂದು ಸಾವಿರ. ಇನ್ನೂ ಏರ್ತಾ ಇದೆ.”

“ಹೂಂ,” ಎಂದರು ಯಜಮಾನರು. ಅಂಗಿ ಸರಿಮಾಡಿಕೊಂಡರು. ಅಂದಿನ ನೂರು ಕಾಲೊರಸಿನ ಗ್ರಾಹಕ ಒಳಗೆ ಬಂದು, ನಮಸ್ಕಾರ ಹೇಳಿ, ಎದುರಿನ ಕುರ್ಚಿಯಲ್ಲಿ ಕೂತು ತನ್ನ ಫೋನ್ ತೆಗೆದ.